ದಿನನಿತ್ಯದ ಪ್ರಾರ್ಥನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರದ ಆರಾಧನೆ ಮುಗಿದು, ಹೊರಗೆ ಚಪ್ಪಲಿ ಹುಡುಕುತ್ತಾ ಜನ ಮೆಲ್ಲಗೆ ಕೇಳುವ ಪ್ರಶ್ನೆಗಳಿವು. ದೊಡ್ಡ ದೇವಶಾಸ್ತ್ರ ಇಲ್ಲಿಲ್ಲ. ಏಳೂವರೆಯ ಬಸ್ ಹಿಡಿಯುವವರು, ಟಿಫನ್ ಡಬ್ಬಿ ಕಟ್ಟುವವರು, ರಾತ್ರಿ ಪಾಳಿ ಮುಗಿಸಿ ಬರುವವರು ಕೇಳಿದ್ದು. ಕಥೋಲಿಕರು, ಸಿ.ಎಸ್.ಐ.ನವರು, ಮೆಥಡಿಸ್ಟರು, ಪೆಂಟೆಕೋಸ್ಟ್ ಸಭೆಯವರು ಎಲ್ಲರೂ ಓದುತ್ತಾರೆ ಅಂದುಕೊಂಡೇ ಉತ್ತರ ಬರೆದಿದ್ದೇನೆ. ನಿಮ್ಮ ಫಾದರ್ ಅಥವಾ ಪಾಸ್ಟರ್ ಬೇರೆ ರೀತಿ ಹೇಳಿದ್ದರೆ ಅವರ ಹತ್ತಿರವೂ ಕೂತು ಮಾತಾಡಿ.

ದಿನಕ್ಕೆ ಎಷ್ಟು ಹೊತ್ತು ಪ್ರಾರ್ಥನೆ ಮಾಡಬೇಕು?

ಹೊಸದಾಗಿ ಶುರು ಮಾಡುವವರಿಗೆ ಐದು ನಿಮಿಷ ಸಾಕು. ನಗಬೇಡಿ. ಕೂಟದಲ್ಲಿ ಯಾರೋ ಎದ್ದು ನಿಂತು "ನಾನು ದಿನಾ ಎರಡು ಗಂಟೆ ಮೊಣಕಾಲೂರುತ್ತೇನೆ" ಎಂದು ಸಾಕ್ಷಿ ಹೇಳುತ್ತಾರೆ. ಅದನ್ನು ಕೇಳಿ "ಸೋಮವಾರದಿಂದ ನಾನೂ ಒಂದು ಗಂಟೆ" ಎಂದು ಹೊರಟವರು ಗುರುವಾರದ ಹೊತ್ತಿಗೆ ಕೈಬಿಟ್ಟಿರುತ್ತಾರೆ. ಆಮೇಲೆ ಅಪರಾಧಿ ಭಾವ ಬೇರೆ.

ಯೇಸುಸ್ವಾಮಿ ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆಯನ್ನು ಎಷ್ಟೇ ನಿಧಾನವಾಗಿ ಹೇಳಿದರೂ ಒಂದು ನಿಮಿಷ ಆಗುವುದು ಕಷ್ಟ. ಅದನ್ನು ಹೇಳಿಕೊಡುವ ಮೊದಲು ಮತ್ತಾಯ 6ನೇ ಅಧ್ಯಾಯದಲ್ಲಿ ಅವರು ಒಂದು ಎಚ್ಚರಿಕೆ ಕೊಡುತ್ತಾರೆ. ಜಾಸ್ತಿ ಮಾತಾಡಿದರೆ ದೇವರು ಕೇಳಿಸಿಕೊಳ್ಳುತ್ತಾರೆ ಅಂದುಕೊಳ್ಳಬೇಡಿ, ನಿಮಗೆ ಏನು ಬೇಕು ಅನ್ನುವುದು ನೀವು ಕೇಳುವ ಮೊದಲೇ ತಂದೆಗೆ ಗೊತ್ತು ಎಂದು. ಹಾಗಾಗಿ ಗಡಿಯಾರ ನೋಡಿ ಉದ್ದ ಮಾಡುವ ಅಗತ್ಯವಿಲ್ಲ. ಐದು ನಿಮಿಷ ದಿನಾ ಆಗಲಿ. ಬಿಡುವು ಇದ್ದ ದಿನ ಅದು ತಾನಾಗಿಯೇ ಹದಿನೈದು ಆಗುತ್ತದೆ. ಆಗದಿದ್ದರೂ ತೊಂದರೆಯಿಲ್ಲ.

ಬೆಳಗಿನ ಜಾವವೇ ಎದ್ದು ಮಾಡಬೇಕಾ?

ಈ ಪ್ರಶ್ನೆಯ ಹಿಂದೆ ಮಾರ್ಕ 1:35 ಇದೆ. ಇನ್ನೂ ಕತ್ತಲಿರುವಾಗಲೇ ಯೇಸುಸ್ವಾಮಿ ಎದ್ದು ಯಾರೂ ಇಲ್ಲದ ಜಾಗಕ್ಕೆ ಹೋಗಿ ಪ್ರಾರ್ಥಿಸಿದರು ಅನ್ನುವ ವಚನ. ಅದರ ಮುಂಚಿನ ಸಾಲುಗಳನ್ನೂ ಓದಿ. ಹಿಂದಿನ ಸಂಜೆ ಊರಿಗೆ ಊರೇ ಕಾಯಿಲೆಯವರನ್ನು ಕರೆದುಕೊಂಡು ಬಾಗಿಲಲ್ಲಿ ಸೇರಿತ್ತು. ಬೆಳಗಾದರೆ ಮತ್ತೆ ಜನ ಹುಡುಕಿಕೊಂಡು ಬರುತ್ತಾರೆ. ಸೀಮೋನನೂ ಜೊತೆಯವರೂ ಬಂದೇಬಿಟ್ಟರು. ಆ ದಿನ ಅವರಿಗೆ ಸಿಕ್ಕ ಬಿಡುವು ಅದೊಂದೇ ಹೊತ್ತು.

ಬೈಬಲ್‌ನಲ್ಲಿ ಒಂದೇ ಸಮಯದ ಕಟ್ಟುಪಾಡು ಇಲ್ಲ. ದಾನಿಯೇಲ ಯೆರೂಸಲೇಮಿನ ಕಡೆಗಿದ್ದ ಕಿಟಕಿ ತೆರೆದು ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದ. 55ನೇ ಕೀರ್ತನೆ ಸಂಜೆ, ಬೆಳಗ್ಗೆ, ಮಧ್ಯಾಹ್ನ ಅನ್ನುತ್ತದೆ. ಪೇತ್ರ ಮಧ್ಯಾಹ್ನದ ಹೊತ್ತು ಮಾಳಿಗೆ ಹತ್ತಿ ಪ್ರಾರ್ಥಿಸಿದ, ಅದೂ ಹಸಿವಾಗಿದ್ದಾಗ. ಕಥೋಲಿಕ ಊರುಗಳಲ್ಲಿ ಬೆಳಗ್ಗೆ, ಮಧ್ಯಾಹ್ನ, ಸಂಜೆ ಇಗರ್ಜಿಯ ಗಂಟೆ ಹೊಡೆಯುವುದೂ ಇದಕ್ಕೇ. ಗದ್ದೆಯಲ್ಲಿರುವವರು ಕೂಡ ಒಂದು ಕ್ಷಣ ನಿಲ್ಲಲಿ ಎಂದು.

ನನ್ನ ಸಲಹೆ ಸರಳ. ದಿನಾ ತಪ್ಪದೆ ಮಾಡುವ ಒಂದು ಕೆಲಸವನ್ನು ಹುಡುಕಿ, ಪ್ರಾರ್ಥನೆಯನ್ನು ಅದರ ಪಕ್ಕದಲ್ಲಿ ಕೂರಿಸಿ. ಹಾಲು ಕಾಯಲು ಇಟ್ಟ ಹೊತ್ತು. ಹಲ್ಲುಜ್ಜಿ ಬಂದ ತಕ್ಷಣ. ಮಕ್ಕಳು ಸ್ಕೂಲ್ ವ್ಯಾನ್ ಹತ್ತಿದ ಮೇಲೆ ಮನೆ ಒಮ್ಮೆಲೇ ಸುಮ್ಮನಾಗುತ್ತದಲ್ಲ, ಆ ಹೊತ್ತು. "ಬಿಡುವಾದಾಗ ಮಾಡುತ್ತೇನೆ" ಅಂದರೆ ಬಿಡುವು ಆಗುವುದೇ ಇಲ್ಲ. ರಾತ್ರಿ ಪಾಳಿಯ ನರ್ಸ್‌ಗೆ ಸಂಜೆ ಏಳು ಗಂಟೆಯೇ ಬೆಳಗ್ಗೆ. ಅವರು ನಾಲ್ಕು ಗಂಟೆಗೆ ಎದ್ದಿಲ್ಲ ಎಂದು ಬೇಸರ ಮಾಡಿಕೊಳ್ಳಬೇಕಾಗಿಲ್ಲ.

ಕೂತರೆ ಏನು ಹೇಳಬೇಕೋ ತೋಚುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ನಿನ್ನೆಯಿಂದ ಶುರು ಮಾಡಿ. ನಿನ್ನೆ ಬೆಳಗ್ಗೆಯಿಂದ ರಾತ್ರಿಯವರೆಗೆ ನಡೆದದ್ದನ್ನು ದೇವರ ಮುಂದೆ ನೆನಪು ಮಾಡಿಕೊಳ್ಳಿ. ಒಳ್ಳೆಯದಾಗಿದ್ದಕ್ಕೆ ಸ್ತೋತ್ರ ಹೇಳಿ. ಅಳತೆ ಮೀರಿ ಮಾತಾಡಿದ್ದಕ್ಕೆ ಕ್ಷಮೆ ಕೇಳಿ. ಇವತ್ತು ಯಾವುದು ಭಯ ಹುಟ್ಟಿಸುತ್ತಿದೆಯೋ ಅದನ್ನು ಹೆಸರಿಟ್ಟು ಹೇಳಿ: ಮಗಳ ಫೀಸು, ಮಧ್ಯಾಹ್ನದ ಸ್ಕ್ಯಾನಿಂಗ್, ಮ್ಯಾನೇಜರ್ ಜೊತೆಗಿನ ಮಾತು. "ಎಲ್ಲರನ್ನೂ ಆಶೀರ್ವದಿಸು, ಎಲ್ಲವನ್ನೂ ಒಳ್ಳೆಯದು ಮಾಡು" ಅನ್ನುವುದಕ್ಕಿಂತ "ಎರಡು ಗಂಟೆಗೆ ಆ ರೂಮಿಗೆ ಹೋಗುವಾಗ ನನ್ನ ಜೊತೆ ಇರು" ಅನ್ನುವುದು ಎಷ್ಟೋ ನಿಜವಾದ ಪ್ರಾರ್ಥನೆ.

ಅದೂ ಬರದಿದ್ದರೆ ಕೀರ್ತನೆಗಳನ್ನು ತೆರೆಯಿರಿ. ದಿನಕ್ಕೆ ಒಂದು. ಒಟ್ಟು 150 ಇವೆ, ಐದು ತಿಂಗಳಿಗೆ ಮುಗಿಯುತ್ತವೆ, ಮತ್ತೆ ಮೊದಲಿನಿಂದ. ಜೋರಾಗಿ ಓದಿ. 119ನೆಯದು ಮಾತ್ರ ಬಹಳ ಉದ್ದ, 176 ವಚನ. ಅದನ್ನು ತುಂಡು ಮಾಡಿಕೊಳ್ಳಿ.

ಬರೆದಿಟ್ಟ ಪ್ರಾರ್ಥನೆ ಓದಿದರೆ, ಜಪಸರ ಹೇಳಿದರೆ ಅದು ಹೃದಯದಿಂದ ಬಂದ ಪ್ರಾರ್ಥನೆ ಆಗುತ್ತದಾ?

ಈ ವಿಷಯಕ್ಕೆ ನಮ್ಮಲ್ಲಿ ಸುಮ್ನೆ ಜಗಳ ಜಾಸ್ತಿ. ಒಂದು ಕಡೆಯವರು "ಪುಸ್ತಕ ನೋಡಿ ಓದುವುದೂ ಒಂದು ಪ್ರಾರ್ಥನೆಯಾ" ಅನ್ನುತ್ತಾರೆ. ಇನ್ನೊಂದು ಕಡೆಯವರು "ಬಾಯಿಗೆ ಬಂದಂತೆ ಕೂಗುವುದು ಪ್ರಾರ್ಥನೆಯಾ" ಅನ್ನುತ್ತಾರೆ.

ಯೇಸುಸ್ವಾಮಿಯವರನ್ನೇ ನೋಡಿ. ಶಿಲುಬೆಯ ಮೇಲೆ, ಉಸಿರು ನಿಲ್ಲುವ ಹೊತ್ತಿನಲ್ಲಿ, ಅವರ ಬಾಯಿಂದ ಬಂದದ್ದು ಚಿಕ್ಕಂದಿನಿಂದ ಬಾಯಿಪಾಠವಾಗಿದ್ದ ಮಾತುಗಳು. "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ" ಅನ್ನುವುದು 22ನೇ ಕೀರ್ತನೆಯ ಮೊದಲ ಸಾಲು. "ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ" ಅನ್ನುವುದು 31ನೇ ಕೀರ್ತನೆಯದು. ಗೆತ್ಸೆಮನೆ ತೋಟದಲ್ಲಿ ಮೂರನೇ ಸಲ ಹೋಗಿ ಅದೇ ಮಾತುಗಳನ್ನು ಹೇಳಿ ಪ್ರಾರ್ಥಿಸಿದರು ಎಂದು ಮತ್ತಾಯ ಬರೆಯುತ್ತಾನೆ. ಅದೇ ಮಾತು ಮತ್ತೆ ಹೇಳಿದ್ದು ಅಲ್ಲಿ ಬರೀ ಬಾಯಿಮಾತು ಆಗಲಿಲ್ಲ. 136ನೇ ಕೀರ್ತನೆಯಲ್ಲಂತೂ 26 ವಚನಗಳಲ್ಲೂ ಒಂದೇ ಪಲ್ಲವಿ.

ಮೊದಲ ಕ್ರೈಸ್ತರೂ ಹೀಗೇ ಮಾಡಿದರು. ಹೊಸ ಒಡಂಬಡಿಕೆಯ ಕಾಲಕ್ಕೆ ಹತ್ತಿರದ್ದೇ ಆದ ದಿದಾಖೆ ಅನ್ನುವ ಬೋಧನೆಯ ಕೈಪಿಡಿಯಲ್ಲಿ, ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಿ ಎಂದು ನೇರವಾಗಿ ಬರೆದಿದೆ. ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠಗಳಿಗೆ ಹಾಕಿಕೊಟ್ಟ ಕ್ರಮದಲ್ಲಿ ವಾರಕ್ಕೆ 150 ಕೀರ್ತನೆಗಳೂ ಮುಗಿಯಬೇಕಿತ್ತು.

ಜಪಸರದಲ್ಲೂ ಮಣಿ ಎಣಿಸುವುದೇ ಕೆಲಸವಲ್ಲ. ಐದು ಹತ್ತರ ಗುಂಪುಗಳಲ್ಲಿ ಬಾಯಿ ನಮೋ ಮರಿಯಾ ಹೇಳುತ್ತಿರುವಾಗ ಮನಸ್ಸು ಕ್ರಿಸ್ತನ ಬದುಕಿನ ಒಂದೊಂದು ಘಟನೆಯ ಮುಂದೆ ನಿಲ್ಲಬೇಕು. ಸೋಮವಾರ, ಶನಿವಾರ ಹುಟ್ಟು ಬಾಲ್ಯದ ಸಂತೋಷದ ಘಟನೆಗಳು, ಮಂಗಳವಾರ, ಶುಕ್ರವಾರ ಪಾಡಿನದು, ಬುಧವಾರ, ಭಾನುವಾರ ಮಹಿಮೆಯದು. ಗುರುವಾರದ ಬೆಳಕಿನ ಘಟನೆಗಳನ್ನು ಎರಡನೇ ಜಾನ್ ಪಾಲ್ ಪೋಪರು 2002ರಲ್ಲಿ ಸೇರಿಸಿದರು. ಮಣಿ ಉರುಳಿಸುತ್ತಾ ಟಿವಿ ಮೇಲೆ ಕಣ್ಣಿಟ್ಟರೆ ಅದು ಮಣಿಯ ತಪ್ಪಲ್ಲ. ಹಾಗೆಯೇ ಸ್ವಂತ ಮಾತಿನಲ್ಲಿ ಪ್ರಾರ್ಥಿಸುವವರೂ ಗಮನಿಸಿ ನೋಡಿ. ಪ್ರತಿ ಸಲ ಅವೇ ಹತ್ತು ವಾಕ್ಯಗಳು ಬರುತ್ತವೆ, ಅಲ್ವಾ?

ಎರಡೂ ಇಟ್ಟುಕೊಳ್ಳಿ. ಚೆನ್ನಾಗಿರುವ ದಿನ ಸ್ವಂತ ಮಾತು ಬರುತ್ತದೆ. ಸಾವಿನ ಮನೆಯಲ್ಲಿ, ಜ್ವರದಲ್ಲಿ, ಆಸ್ಪತ್ರೆಯ ಕಾರಿಡಾರಿನಲ್ಲಿ ಕಲಿತ ಮಾತೇ ಕೈಹಿಡಿಯುವುದು.

ಯಾವ ಭಾಷೆಯಲ್ಲಿ?

ಕನಸಿನಲ್ಲಿ ನೀವು ಯಾವ ಭಾಷೆಯಲ್ಲಿ ಬೈಯುತ್ತೀರೋ ಅದರಲ್ಲಿ. ಕೊಂಕಣಿ, ತುಳು, ತಮಿಳು, ತೆಲುಗು ಮನೆಮಾತಿನವರು ಚರ್ಚಿನ ಕನ್ನಡದಲ್ಲಿ "ದಯಪಾಲಿಸು, ಅನುಗ್ರಹಿಸು" ಎಂದು ತಡಕಾಡಬೇಕಿಲ್ಲ. ಕನ್ನಡದವರು ಇಂಗ್ಲಿಷ್ ಹುಡುಕಬೇಕಿಲ್ಲ.

ಕಣ್ಣು ಮುಚ್ಚಿದ ತಕ್ಷಣ ಮನಸ್ಸು ಎಲ್ಲೆಲ್ಲೋ ಓಡುತ್ತದೆ. ಏನು ಮಾಡಲಿ?

ಇದು ಹಳೆಯ ಕಾಯಿಲೆ. 1535ರಲ್ಲಿ ವಿಟ್ಟೆನ್‌ಬರ್ಗ್‌ನಲ್ಲಿ ಮಾರ್ಟಿನ್ ಲೂಥರ್‌ಗೆ ಕ್ಷೌರ ಮಾಡುತ್ತಿದ್ದ ಪೀಟರ್ ಅನ್ನುವವನು, ಪ್ರಾರ್ಥನೆ ಮಾಡುವುದು ಹೇಗೆ ಎಂದು ಕೇಳಿದ. ಲೂಥರ್ ಅವನಿಗೆ ಒಂದು ಉದ್ದನೆಯ ಪತ್ರವನ್ನೇ ಬರೆದು ಅಚ್ಚು ಹಾಕಿಸಿದರು. ಅದರಲ್ಲಿ ಅವನ ಕೆಲಸವನ್ನೇ ಎತ್ತಿಕೊಳ್ಳುತ್ತಾರೆ. ಒಳ್ಳೆಯ ಕ್ಷೌರಿಕ ಕತ್ತಿಯ ಮೇಲೂ ಕೂದಲಿನ ಮೇಲೂ ಗಮನ ಇಟ್ಟಿರುತ್ತಾನೆ, ಹರಟೆ ಹೊಡೆಯುತ್ತಾ ಎಲ್ಲೋ ನೋಡಿದರೆ ಗಿರಾಕಿಯ ಮೂಗೋ ಗಂಟಲೋ ಹೋಗುತ್ತದೆ ಅನ್ನುತ್ತಾರೆ. ಆಮೇಲೆ ಕೆಲಸಕ್ಕೆ ಬರುವ ಒಂದು ದಾರಿ ಹೇಳಿಕೊಡುತ್ತಾರೆ. ದಶಾಜ್ಞೆಯಲ್ಲಿ ಒಂದನ್ನೋ ಕರ್ತನ ಪ್ರಾರ್ಥನೆಯ ಒಂದು ಸಾಲನ್ನೋ ತೆಗೆದುಕೋ. ಆಜ್ಞೆಯಾದರೆ ಇದು ನನಗೇನು ಕಲಿಸುತ್ತದೆ, ಯಾವುದಕ್ಕೆ ವಂದನೆ ಹೇಳಲಿ, ಯಾವುದಕ್ಕೆ ಕ್ಷಮೆ ಕೇಳಲಿ, ಏನು ಬೇಡಿಕೊಳ್ಳಲಿ ಎಂದು ನಾಲ್ಕು ಎಳೆ ಬಿಡಿಸು. ಮಧ್ಯದಲ್ಲಿ ಒಂದು ಒಳ್ಳೆಯ ಯೋಚನೆ ಬಂದರೆ ಉಳಿದದ್ದು ಬಿಟ್ಟು ಅದನ್ನೇ ಹಿಡಿದು ಕೂತುಕೋ.

(ಪೀಟರನ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಅದೇ ವರ್ಷ ಕುಡಿದ ಅಮಲಿನಲ್ಲಿ ಅವನು ತನ್ನ ಅಳಿಯನನ್ನು ಇರಿದು ಕೊಂದು ಗಡಿಪಾರಾದ. ಆ ಪತ್ರವನ್ನು ಓದುವಾಗಲೆಲ್ಲ ನನಗೆ ಇದೂ ನೆನಪಾಗುತ್ತದೆ.)

ಓಡಿದ ಮನಸ್ಸಿಗೆ ಇನ್ನೊಂದು ಉಪಾಯವೂ ಇದೆ. ಅದು ಎಲ್ಲಿಗೆ ಓಡಿತೋ ಅದನ್ನೇ ಪ್ರಾರ್ಥನೆ ಮಾಡಿ. ಸಾಲದ ಕಂತು ನೆನಪಾಯಿತಾ, ಅದನ್ನೇ ಹೇಳಿ. ಗ್ಯಾಸ್ ಬುಕ್ ಮಾಡಬೇಕು ಎಂದು ನೆನಪಾದರೆ ಮಾತ್ರ ಪಕ್ಕದ ಚೀಟಿಯಲ್ಲಿ ಬರೆದಿಟ್ಟು ಮುಂದೆ ಹೋಗಿ.

ಪ್ರಾರ್ಥನೆ ಮಾಡುತ್ತಾ ನಿದ್ದೆ ಹೋಗುತ್ತೇನೆ. ಪಾಪವಾ?

ಅಲ್ಲ. ಹಾಸಿಗೆಯಲ್ಲಿ ಮಲಗಿ ಪ್ರಾರ್ಥಿಸಿದರೆ ನಿದ್ದೆ ಬರದೆ ಇರುತ್ತದಾ? ಎದ್ದು ನಿಂತುಕೊಳ್ಳಿ, ಅಂಗಳದಲ್ಲಿ ನಡೆಯಿರಿ. ಗೆತ್ಸೆಮನೆಯಲ್ಲಿ ಪೇತ್ರ, ಯಾಕೋಬ, ಯೋಹಾನ ಮೂವರೂ ನಿದ್ದೆ ಹೋದರು. ಬಯ್ಗುಳದ ಜೊತೆಗೇ "ಮನಸ್ಸೇನೋ ಸಿದ್ಧವಾಗಿದೆ, ದೇಹಕ್ಕೆ ಬಲ ಸಾಲದು" ಅನ್ನುವ ಮಾತೂ ಅವರಿಗೆ ಸಿಕ್ಕಿತು. ದಿನಾ ಹೀಗೇ ಆಗುತ್ತಿದ್ದರೆ ನಿಮಗೆ ಬೇಕಾಗಿರುವುದು ನಿದ್ದೆ. ಬೇಗ ಮಲಗಿ.

"ಎಡೆಬಿಡದೆ ಪ್ರಾರ್ಥನೆ ಮಾಡಿರಿ" ಅಂದರೆ? ಕೆಲಸ ಬಿಟ್ಟು ಕೂರೋಕಾಗುತ್ತಾ?

ಆ ಮಾತು ಬರೆದ ಪೌಲನೇ ಕೆಲಸ ಬಿಟ್ಟಿರಲಿಲ್ಲ. ಥೆಸಲೋನಿಕದವರಿಗೆ ಬರೆದ ಅದೇ ಪತ್ರದಲ್ಲಿ, ನಿಮಗೆ ಭಾರವಾಗಬಾರದು ಎಂದು ಹಗಲೂ ರಾತ್ರಿ ದುಡಿದೆವು ಅನ್ನುತ್ತಾನೆ. ಡೇರೆ ಹೊಲಿಯುವುದು ಅವನ ಕಸುಬು.

17ನೇ ಶತಮಾನದ ಪ್ಯಾರಿಸ್‌ನಲ್ಲಿ ಕಾರ್ಮೆಲ್ ಮಠದ ಬ್ರದರ್ ಲಾರೆನ್ಸ್ ಅನ್ನುವವರು ಇದ್ದರು. ಮೊದಲು ಸೈನಿಕ, ಆಮೇಲೆ ಮಠದ ಅಡುಗೆಯವರು. ಅಡುಗೆ ಕೆಲಸ ಅವರಿಗೆ ಸ್ವಲ್ಪವೂ ಇಷ್ಟವಿರಲಿಲ್ಲ. ಆದರೂ ಬಾಣಲೆಯಲ್ಲಿ ಆಮ್ಲೆಟ್ ಮಗುಚುವುದನ್ನೂ ದೇವರ ಪ್ರೀತಿಗಾಗಿಯೇ ಮಾಡುತ್ತೇನೆ ಅನ್ನುತ್ತಿದ್ದರು. ಪಾತ್ರೆ ಸದ್ದು, ನಾಲ್ಕು ಜನ ನಾಲ್ಕು ಕಡೆಯಿಂದ ಕೂಗುವ ಗಲಾಟೆಯಲ್ಲೂ ಮೊಣಕಾಲೂರಿದಾಗ ಇರುವಷ್ಟೇ ದೇವರು ಹತ್ತಿರ ಎಂದರು. 1691ರಲ್ಲಿ ತೀರಿಕೊಂಡರು.

ಇದನ್ನು ನಾನು ಕಣ್ಣಾರೆ ನೋಡಿದ್ದು ನಮ್ಮ ಸಭೆಯ ಒಬ್ಬ ಅಜ್ಜಿಯಲ್ಲಿ. ಅವರೆಕಾಯಿ ಕಾಲದಲ್ಲಿ ಮೊರ ಇಟ್ಟುಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಒಂದು ಕಾಯಿ ಸುಲಿದರೆ ಒಂದು ಹೆಸರು. ಹಿರಿಮಗ. ಅವನ ಹೆಂಡತಿ. ಎದುರು ಮನೆಯ ಸಾಬರ ಹುಡುಗ, ಆಕ್ಸಿಡೆಂಟ್ ಆಗಿತ್ತು ಅವನಿಗೆ. ಹುಳುಕು ಕಾಯಿ ಬಂದರೆ "ಇದು ನನಗೆ" ಎಂದು ಪಕ್ಕಕ್ಕೆ ಎಸೆದು ನಗುತ್ತಿದ್ದರು. ತುಟಿ ಅಲ್ಲಾಡುವುದು ಬಿಟ್ಟರೆ ಬೇರೇನೂ ಗೊತ್ತಾಗುತ್ತಿರಲಿಲ್ಲ. ಹನ್ನಳೂ ಹೀಗೇ ತುಟಿ ಅಲ್ಲಾಡಿಸುತ್ತಾ ಪ್ರಾರ್ಥಿಸಿದಾಗ ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡನಲ್ಲ!

ಆಫೀಸಿನವರಿಗೆ ನೆಹೆಮೀಯ ಇದ್ದಾನೆ. ಅವನು ಅರಸನ ಪಾನಸೇವಕ. ಅರಸ "ನಿನಗೇನು ಬೇಕು" ಎಂದು ಕೇಳಿದ. ಉತ್ತರ ಕೊಡುವ ಮೊದಲು ಅವನು ಪರಲೋಕದ ದೇವರಿಗೆ ಪ್ರಾರ್ಥಿಸಿದ. ಅರಸನನ್ನು ಕಾಯಿಸೋಕಾಗುತ್ತಾ? ಎರಡು ಸೆಕೆಂಡ್ ಇರಬೇಕು ಅಷ್ಟೇ. ಫೋನ್ ಎತ್ತುವ ಮೊದಲು, ಇಮೇಲ್ ಕಳಿಸುವ ಮೊದಲು, ಸಿಗ್ನಲ್‌ನಲ್ಲಿ ನಿಂತಾಗ ಇಂಥದ್ದು ಯಾರು ಬೇಕಾದರೂ ಮಾಡಬಹುದು. ಪೂರ್ವದ ಆರ್ಥಡಾಕ್ಸ್ ಸಭೆಗಳಲ್ಲಿ ಇದಕ್ಕೆ ಒಂದೇ ಸಾಲು ಇಟ್ಟುಕೊಂಡಿದ್ದಾರೆ: ಕರ್ತನಾದ ಯೇಸು ಕ್ರಿಸ್ತನೇ, ದೇವಕುಮಾರನೇ, ಪಾಪಿಯಾದ ನನ್ನನ್ನು ಕರುಣಿಸು.

ಮೊಣಕಾಲೂರಲೇಬೇಕಾ? ಮುಸುಕು ಹಾಕಬೇಕಾ?

ಸೊಲೊಮೋನ ಮೊಣಕಾಲೂರಿ ಕೈ ಎತ್ತಿದ. ದಾವೀದ ದೇವರ ಮುಂದೆ ಕೂತ. ಸುಂಕದವನು ದೂರದಲ್ಲಿ ನಿಂತ. ಹಿಜ್ಕೀಯ ಹಾಸಿಗೆಯಲ್ಲಿದ್ದುಕೊಂಡೇ ಗೋಡೆ ಕಡೆ ಮುಖ ತಿರುಗಿಸಿದ. ಮಂಡಿನೋವು ಇರುವವರು ಕುರ್ಚಿಯಲ್ಲಿ ಕೂರಿ. ಮುಸುಕಿನ ವಿಷಯದಲ್ಲಿ ನಿಮ್ಮ ಸಭೆಯ ಪದ್ಧತಿ ಪಾಲಿಸಿ, ಮುಸುಕು ಕೈಗೆ ಸಿಗಲಿಲ್ಲ ಎಂದು ಮನೆಯಲ್ಲಿ ಪ್ರಾರ್ಥನೆ ಮಾತ್ರ ಬಿಡಬೇಡಿ.

ಮನೆಯಲ್ಲಿ ಕುಟುಂಬ ಪ್ರಾರ್ಥನೆ ನಿಂತೇ ಹೋಗಿದೆ. ಮತ್ತೆ ಹೇಗೆ ಶುರು ಮಾಡುವುದು?

ಮೊದಲು ಯಾಕೆ ನಿಂತಿತು ನೋಡಿ. ತುಂಬಾ ಮನೆಗಳಲ್ಲಿ ಕಾರಣ ಒಂದೇ, ಉದ್ದ. ಸಂಜೆ ಏಳೂವರೆಗೆ ಚಾಪೆ ಹಾಸುತ್ತಾರೆ. ಅಜ್ಜ ಪ್ರಾರ್ಥನೆ ಶುರು ಮಾಡಿದರೆ ಮನೆಯವರಿಂದ ಹಿಡಿದು ದುಬೈಯಲ್ಲಿರುವ ಭಾವಮೈದನವರೆಗೆ, ಅಲ್ಲಿಂದ ದೇಶದ ಪ್ರಧಾನಿಯವರೆಗೆ ಹೋಗುತ್ತಾರೆ. ಮಧ್ಯೆ "ಈ ಮನೆಯಲ್ಲಿ ಮಾತು ಕೇಳದ ಮಕ್ಕಳನ್ನು ತಿದ್ದು ಕರ್ತನೇ" ಎಂದು ಮೊಮ್ಮಗನಿಗೆ ಒಂದು ಏಟು. ಹುಡುಗ ಒಂದು ಕಣ್ಣು ತೆರೆದು ಗಡಿಯಾರ ನೋಡುತ್ತಾನೆ. ಅನ್ನ ಆರುತ್ತದೆ.

ಹತ್ತು ನಿಮಿಷ ಮೀರಬಾರದು ಎಂದು ಮಾತು ಮಾಡಿಕೊಳ್ಳಿ. ಒಂದು ಹಾಡು, ಎರಡೇ ಚರಣ. ಸುವಾರ್ತೆಯ ಒಂದು ಸಣ್ಣ ಭಾಗ, ಓದು ಬರುವ ಮಗು ಓದಲಿ, ತಪ್ಪು ಓದಿದರೆ ಅಲ್ಲೇ ತಿದ್ದಲು ಹೋಗಬೇಡಿ. ಪ್ರತಿಯೊಬ್ಬರೂ ಒಂದು ವಾಕ್ಯದ ಪ್ರಾರ್ಥನೆ. ಕೊನೆಗೆ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ. ಮಕ್ಕಳ ತಪ್ಪು ಎತ್ತಿ ಆಡುವುದಕ್ಕೆ ಪ್ರಾರ್ಥನೆಯನ್ನು ಬಳಸಲೇಬಾರದು. ಇದನ್ನು ಹಿರಿಯರಿಗೆ ಹೇಳುವುದು ಕಷ್ಟ, ಆದರೂ ಯಾರಾದರೂ ಹೇಳಬೇಕು.

ಮಂಗಳೂರು ಕಡೆಯ ಕೊಂಕಣಿ ಕಥೋಲಿಕ ಮನೆಗಳಲ್ಲಿ ಸಂಜೆ ತೇರ್ಸ್, ಅಂದರೆ ಜಪಸರ, ಮುಗಿದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಹಿರಿಯರ ಮುಂದೆ ಕೈಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಕೇಳುವ ಪದ್ಧತಿ ಇದೆ. ನನಗೆ ಬಹಳ ಇಷ್ಟವಾದ ಪದ್ಧತಿ ಅದು. ಬೆಳಗ್ಗೆ ಬೈಸಿಕೊಂಡ ಮಗುವೂ ಮಲಗುವ ಮೊದಲು ಅಪ್ಪನ ಹತ್ತಿರ ಬರಲೇಬೇಕು, ಅಪ್ಪ ಆಶೀರ್ವಾದ ಕೊಡಲೇಬೇಕು. ಯಾವ ಪಂಗಡದವರು ಬೇಕಾದರೂ ಇದನ್ನು ಮನೆಗೆ ತಂದುಕೊಳ್ಳಬಹುದು.

ಎಲ್ಲರೂ ಒಟ್ಟಿಗೆ ಸಿಗುವುದೇ ಇಲ್ಲವಾದರೆ ವಾರಕ್ಕೆ ಎರಡು ದಿನ ಸಾಕು.

ಹದಿನಾರು ವರ್ಷದ ಮಗ ಬರುವುದೇ ಇಲ್ಲ ಅನ್ನುತ್ತಾನೆ.

ಎಳೆದು ತರಬೇಡಿ. ಗಿಟಾರ್ ಬರುತ್ತದಾ, ಹಾಡಿಗೆ ಕರೆಯಿರಿ. ಇಲ್ಲದಿದ್ದರೆ ಅವನ ಪರೀಕ್ಷೆಯ ದಿನ ಬಾಗಿಲಲ್ಲಿ ತಲೆ ಮೇಲೆ ಕೈಯಿಟ್ಟು ಅರ್ಧ ನಿಮಿಷ ಪ್ರಾರ್ಥಿಸಿ ಕಳಿಸಿ. ಅದನ್ನು ಬೇಡ ಅನ್ನುವ ಹುಡುಗರನ್ನು ನಾನು ಕಂಡಿಲ್ಲ.

ಮನೆಯವರು ಕ್ರೈಸ್ತರಲ್ಲ / ಪಿ.ಜಿ.ಯಲ್ಲಿ ಮೂವರು ರೂಮ್‌ಮೇಟ್‌ಗಳಿದ್ದಾರೆ. ಹೇಗೆ ಮಾಡಲಿ?

ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡು ಗುಟ್ಟಾಗಿ ಪ್ರಾರ್ಥಿಸಿ ಅಂದದ್ದು ಯೇಸುಸ್ವಾಮಿಯೇ. ಆದ್ದರಿಂದ ನಿಮ್ಮದು ಕಡಿಮೆ ದರ್ಜೆಯ ಪ್ರಾರ್ಥನೆ ಅಲ್ಲ. ಬಾಗಿಲೇ ಇಲ್ಲದವರು? ಮೆಥಡಿಸ್ಟ್ ಪಂಗಡ ಶುರು ಮಾಡಿದ ಜಾನ್ ವೆಸ್ಲಿಯ ತಾಯಿ ಸುಸಾನಾ ಹೆತ್ತದ್ದು 19 ಮಕ್ಕಳನ್ನು. ಮನೆ ತುಂಬ ಗಲಾಟೆ ಇರುವಾಗ ಆಕೆ ಏಪ್ರನ್ ಅನ್ನೇ ತಲೆ ಮೇಲೆ ಎಳೆದುಕೊಂಡು ಪ್ರಾರ್ಥಿಸುತ್ತಿದ್ದರಂತೆ, ಆಗ ಅಮ್ಮನನ್ನು ಮಾತಾಡಿಸಬಾರದು ಎಂದು ಮಕ್ಕಳಿಗೆ ಗೊತ್ತಿತ್ತಂತೆ. ನಮ್ಮ ಹುಡುಗಿಯರಿಗೆ ದುಪಟ್ಟಾ ಇದೆ, ಹುಡುಗರಿಗೆ ಇಯರ್‌ಫೋನ್ ಇದೆ. ಮೆಟ್ರೋ, ಟೆರೇಸು, ಕಾಲೇಜಿನ ಖಾಲಿ ಕ್ಲಾಸು ಎಲ್ಲವೂ ಆಗುತ್ತದೆ. ಮನೆಯವರ ಜೊತೆ ಪ್ರಾರ್ಥನೆಯ ಹೆಸರಲ್ಲಿ ಜಗಳ ತೆಗೆಯಬೇಡಿ. ಅತ್ತೆ ಅಡುಗೆಮನೆಗೆ ಕರೆದಾಗ "ಪ್ರಾರ್ಥನೆಯಲ್ಲಿದ್ದೇನೆ" ಎಂದು ಒಳಗೇ ಕೂರುವುದು ಯಾರಿಗೂ ಒಳ್ಳೆಯ ಸಾಕ್ಷಿಯಲ್ಲ.

ವಾಟ್ಸಾಪ್ ಪ್ರಾರ್ಥನಾ ಗುಂಪಿನಲ್ಲಿ ಇದ್ದೇನೆ. ಅದು ಸಾಕಾಗುವುದಿಲ್ವಾ?

ಕೈಮುಗಿದ ಚಿತ್ರ ಒತ್ತಿದರೆ ಪ್ರಾರ್ಥನೆ ಆಗಲಿಲ್ಲ. ಮೆಸೇಜ್ ಓದಿದ ತಕ್ಷಣ, ಫೋನ್ ಕೆಳಗಿಡುವ ಮೊದಲೇ, ಆ ವ್ಯಕ್ತಿಗಾಗಿ ಒಂದು ವಾಕ್ಯ ಹೇಳಿ, ಆಮೇಲೆ "ಆಮೆನ್" ಹಾಕಿ. ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ. ಪ್ರಾರ್ಥನಾ ವಿಷಯ ಎಂಬ ಹೆಸರಲ್ಲಿ ಇನ್ನೊಬ್ಬರ ಸ್ಕ್ಯಾನ್ ರಿಪೋರ್ಟು, ಗಂಡ ಹೆಂಡತಿ ಜಗಳ, ಮಗಳು ಮನೆ ಬಿಟ್ಟು ಹೋದ ಸುದ್ದಿ ಇನ್ನೂರು ಜನರ ಗುಂಪಿಗೆ ಬರುತ್ತದೆ. ಅವರನ್ನು ಕೇಳದೆ ಹಾಕಬಾರದು. ಹೆಸರು ಹೇಳದಿದ್ದರೂ ಯಾರು ಎಂದು ದೇವರಿಗೆ ಗೊತ್ತಾಗುತ್ತದೆ.

ಹೆಸರು ಮರೆಯುವವರು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ವಾರದ ಏಳು ದಿನಕ್ಕೆ ಏಳು ಪುಟ, ದಿನಕ್ಕೆ ನಾಲ್ಕೈದು ಹೆಸರು. ಎಲ್ಲರನ್ನೂ ದಿನಾ ನೆನೆಯಲು ಹೋದರೆ ಅಜ್ಜನ ಪ್ರಾರ್ಥನೆ ಆಗಿಬಿಡುತ್ತದೆ.

ವರ್ಷಗಟ್ಟಲೆ ಕೇಳಿಕೊಂಡರೂ ಉತ್ತರ ಇಲ್ಲ. ನನ್ನ ನಂಬಿಕೆ ಕಡಿಮೆಯಾ?

ಹಾಗೆ ಯಾರಾದರೂ ನಿಮಗೆ ಹೇಳಿದ್ದರೆ, ಮಗುವಿಲ್ಲದ ಹೆಂಗಸಿಗೋ ಕ್ಯಾನ್ಸರ್ ಇರುವವರಿಗೋ ಆ ಮಾತು ಹೇಳಿದ್ದರೆ, ಅದು ಕ್ರೂರ ಮಾತು. ಪೌಲನ ನಂಬಿಕೆ ಕಡಿಮೆಯೇ? ಶರೀರದ ಮುಳ್ಳು ತೆಗೆದುಬಿಡು ಎಂದು ಅವನು ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ. "ನನ್ನ ಕೃಪೆಯೇ ನಿನಗೆ ಸಾಕು" ಅನ್ನುವ ಉತ್ತರ ಬಂತು. ಈ ಪಾತ್ರೆ ನನ್ನಿಂದ ತೊಲಗಲಿ ಎಂದು ಯೇಸುಸ್ವಾಮಿ ಕೇಳಿದರು. ತೊಲಗಲಿಲ್ಲ.

ಮತ್ತೆ ಲೂಕ 18ರಲ್ಲಿ ನ್ಯಾಯಾಧೀಶನ ಬೆನ್ನು ಬಿಡದ ವಿಧವೆಯ ಕತೆಯೂ ಇದೆ, ಬೇಸರಪಡದೆ ಕೇಳುತ್ತಿರಿ ಎಂದು. ಎರಡನ್ನೂ ಸರಿದೂಗಿಸುವ ಸೂತ್ರ ನನ್ನ ಹತ್ತಿರ ಇಲ್ಲ. ಕೇಳುತ್ತಾ ಇರಿ. ಕೇಳಿ ಕೇಳಿ ಸುಸ್ತಾದರೆ ನಿಮ್ಮ ಪರವಾಗಿ ಕೇಳಲು ಒಬ್ಬ ಗೆಳತಿಗೆ ಹೇಳಿ, ನೀವು ಸ್ವಲ್ಪ ದಿನ ಸುಮ್ಮನಿರಿ. ಹೇಗೆ ಪ್ರಾರ್ಥಿಸಬೇಕೋ ಗೊತ್ತಾಗದಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾನೆ ಎಂದು ರೋಮಾಪುರದವರಿಗೆ ಬರೆದ ಪತ್ರ ಹೇಳುತ್ತದೆ.

ಒಂದು ಎಚ್ಚರಿಕೆ. ಪ್ರಾರ್ಥನೆ ಮಾಡಿಸಿಕೊಂಡ ಮೇಲೆ ಶುಗರ್ ಮಾತ್ರೆ, ಟಿ.ಬಿ. ಮಾತ್ರೆ, ಮನೋರೋಗದ ಮಾತ್ರೆ ನಿಲ್ಲಿಸಬೇಡಿ. ನಿಲ್ಲಿಸಿ ಎಂದು ಯಾವ ವೇದಿಕೆಯಿಂದ ಹೇಳಿದರೂ ಕೇಳಬೇಡಿ. ಪೌಲನ ಜೊತೆಗಿದ್ದ ಲೂಕನೇ ವೈದ್ಯ.

ಪ್ರಾರ್ಥನೆಯಲ್ಲಿ ಏನೂ ಅನ್ನಿಸುವುದಿಲ್ಲ. ಬರೀ ಗೋಡೆಗೆ ಮಾತಾಡಿದ ಹಾಗೆ.

ಕಲ್ಕತ್ತೆಯ ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಹತ್ತು ವರ್ಷದ ನಂತರ ಅವರ ಖಾಸಗಿ ಪತ್ರಗಳು ಅಚ್ಚಾದವು. ಹೆಚ್ಚುಕಡಿಮೆ ಐವತ್ತು ವರ್ಷ ಅವರಿಗೂ ಹೀಗೇ ಇತ್ತು ಎಂದು ಆಗ ಜಗತ್ತಿಗೆ ಗೊತ್ತಾಯಿತು. ಅಷ್ಟೂ ಕಾಲ ಅವರು ಪ್ರಾರ್ಥನೆಯನ್ನೂ ಬಿಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ.

ಆದರೆ ಎಲ್ಲ ಒಣಗಿದ ಮನಸ್ಸೂ ಆತ್ಮಿಕ ಸಮಸ್ಯೆ ಅಲ್ಲ. ಎಲೀಯ ಜಾಲಿ ಗಿಡದ ಕೆಳಗೆ ಬಿದ್ದು "ಸಾಕು, ನನ್ನ ಪ್ರಾಣ ತೆಗೆದುಬಿಡು" ಅಂದಾಗ ದೇವದೂತ ಅವನಿಗೆ ಪ್ರಸಂಗ ಮಾಡಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮಲಗಲು ಬಿಟ್ಟ. ಎದ್ದ ಮೇಲೆ ಮತ್ತೆ ಊಟ ಕೊಟ್ಟ. ವಾರಗಟ್ಟಲೆ ನಿದ್ದೆ, ಹಸಿವು, ಆಸೆ ಯಾವುದೂ ಇಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ.

ದೇವರ ಮೇಲೆ ಸಿಟ್ಟು ಬಂದಿದೆ. ಹೇಳಬಹುದಾ?

ಹೇಳಿ. 13ನೇ ಕೀರ್ತನೆ "ಇನ್ನೆಷ್ಟು ಕಾಲ" ಎಂದೇ ಶುರುವಾಗುತ್ತದೆ. 88ನೆಯದು ಕತ್ತಲಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಒಂದು ಸ್ತೋತ್ರವೂ ಇಲ್ಲ. ಇವೆರಡೂ ಬೈಬಲ್ಲಿನಲ್ಲಿಯೇ ಇವೆ.

ಮನೆಯಲ್ಲಿ ಜಗಳ ಮಾಡಿಕೊಂಡು ಪ್ರಾರ್ಥನೆಗೆ ಕೂತರೆ?

ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು, ಮೊದಲು ಹೋಗಿ ಸಹೋದರನ ಜೊತೆ ಸಮಾಧಾನ ಮಾಡಿಕೋ ಎಂದು ಮತ್ತಾಯ 5 ಹೇಳುತ್ತದೆ. ಗಂಡಸರಿಗೆ ಪ್ರತ್ಯೇಕವಾಗಿ ಒಂದು ಪೇತ್ರ 3:7 ಇದೆ. ಹೆಂಡತಿಯನ್ನು ಗೌರವದಿಂದ ನಡೆಸಿಕೊಳ್ಳದಿದ್ದರೆ ನಿಮ್ಮ ಪ್ರಾರ್ಥನೆಗಳಿಗೆ ಅಡ್ಡಿಯಾಗುತ್ತದೆ ಎಂದು. ಪುರುಷರ ಕೂಟಗಳಲ್ಲಿ ಈ ವಚನವನ್ನು ಅಷ್ಟಾಗಿ ಓದುವುದಿಲ್ಲ.

ಉಪವಾಸ ಬೇಕಾ?

ಹಳೆಯ ಸಭೆ ಬುಧವಾರ, ಶುಕ್ರವಾರ ಉಪವಾಸ ಮಾಡುತ್ತಿತ್ತು, ಅದೂ ದಿದಾಖೆಯಲ್ಲೇ ಇದೆ. ಒಂದು ಹೊತ್ತಿನ ಊಟ ಬಿಟ್ಟು ಆ ಹೊತ್ತನ್ನು ಪ್ರಾರ್ಥನೆಗೂ ಆ ದುಡ್ಡನ್ನು ಹಸಿದವರಿಗೂ ಕೊಡುವುದು ಒಳ್ಳೆಯ ಅಭ್ಯಾಸ. ಸಕ್ಕರೆ ಕಾಯಿಲೆಯವರು, ಬಸುರಿಯರು, ಹಾಲೂಡಿಸುವವರು ಊಟ ಬಿಡಬೇಡಿ. ಬೇಕಾದರೆ ಸೀರಿಯಲ್ ಬಿಡಿ, ರೀಲ್ಸ್ ಬಿಡಿ.

ಮೂರು ತಿಂಗಳಿಂದ ಪ್ರಾರ್ಥನೆಯೇ ಇಲ್ಲ. ಮತ್ತೆ ಶುರು ಮಾಡಲು ನಾಚಿಕೆ.

ಬಾಕಿ ತೀರಿಸಲು ಹೋಗಬೇಡಿ. ಮೂರು ತಿಂಗಳ ಲೆಕ್ಕ ಯಾರೂ ಕೇಳುತ್ತಿಲ್ಲ. ಹೊಸ ವರ್ಷ ಬರಲಿ, ತಪಸ್ಸು ಕಾಲ ಬರಲಿ ಎಂದು ಕಾಯುವುದೂ ಬೇಡ. ಇವತ್ತು ರಾತ್ರಿ ಒಂದು ಸಲ ಕರ್ತನ ಪ್ರಾರ್ಥನೆ ಹೇಳಿ ಮಲಗಿ. ನಾಳೆ ಹಾಲು ಕಾಯಿಸುವಾಗ ಇನ್ನೊಂದು ಸಲ.

ನಾನು ಕಥೋಲಿಕಳು, ಗಂಡ ಸಿ.ಎಸ್.ಐ. ಒಟ್ಟಿಗೆ ಕರ್ತನ ಪ್ರಾರ್ಥನೆ ಹೇಳುವಾಗ ಕೊನೆಯಲ್ಲಿ ನಾನು ನಿಲ್ಲಿಸುತ್ತೇನೆ, ಅವರು ಮುಂದುವರಿಸುತ್ತಾರೆ. ಯಾರದು ಸರಿ?

ಇಬ್ಬರದೂ. "ರಾಜ್ಯವೂ ಬಲವೂ ಮಹಿಮೆಯೂ ಎಂದೆಂದಿಗೂ ನಿನ್ನವೇ" ಅನ್ನುವ ಸಾಲು ಮತ್ತಾಯನ ಅತಿ ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲ, ಲೂಕನಲ್ಲೂ ಇಲ್ಲ. ಆದರೆ ಆ ಸಾಲು ಹೊಸದೇನಲ್ಲ. ದಿದಾಖೆಯಲ್ಲಿ ಅದರದೇ ಒಂದು ರೂಪ ಇದೆ. ನಿಮ್ಮ ಬಲಿಪೂಜೆಯಲ್ಲೂ ಅದು ಬರುತ್ತದೆ, ಗಮನಿಸಿ ನೋಡಿ. ಗುರುಗಳು ಮಧ್ಯೆ ಒಂದು ಸಣ್ಣ ಪ್ರಾರ್ಥನೆ ಹೇಳಿದ ಮೇಲೆ ಸಭೆಯೆಲ್ಲ ಸೇರಿ ಹೇಳುವುದು ಅದನ್ನೇ. ಹಾಗಾಗಿ ಮನೆಯಲ್ಲಿ "ಕೇಡಿನಿಂದ ತಪ್ಪಿಸು" ಆದ ಮೇಲೆ ಒಂದು ಉಸಿರು ನಿಲ್ಲಿಸಿ, ಆಮೇಲೆ ಇಬ್ಬರೂ ಸೇರಿ ಆ ಸಾಲು ಹೇಳಿ. ಮಕ್ಕಳು ಎರಡೂ ರೀತಿ ಕಲಿಯಲಿ, ಎರಡೂ ಕಡೆಯ ಅಜ್ಜಿ ಮನೆಗೆ ಹೋದಾಗ ಬೇಕಾಗುತ್ತದೆ.